ಅಪ್ ಅಂಡ್ ಡೌನ್, ಹಾಸ್ಟೆಲ್, ರೂಮ್: ಗಂಗೋತ್ರಿಯಲ್ಲಿ ಮೂರನ್ನೂ ನೋಡಿದವಳ ಲೆಕ್ಕ

ನಮ್ಮ ಚಿಕ್ಕಪ್ಪನ ಮಗಳು ಡಿಗ್ರಿ ಮುಗಿಸಿದ್ದಾಳೆ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಎಂ.ಎಸ್ಸಿ. ಸೀಟು ಸಿಗುವ ಹಾಗಿದೆ. ಹೋದ ವಾರ ಫೋನ್ ಮಾಡಿ ಒಂದೇ ಉಸಿರಿಗೆ ಕೇಳಿದಳು: "ಅಕ್ಕಾ, ಮಂಡ್ಯದಿಂದ ಓಡಾಡ್ಲಾ, ಹಾಸ್ಟೆಲ್ ಸೇರ್ಲಾ, ಇಲ್ಲ ರೂಮ್ ಮಾಡ್ಲಾ?"

ಸಿಲೆಬಸ್ ಬಗ್ಗೆ ಒಂದು ಮಾತಿಲ್ಲ, ಮೇಷ್ಟ್ರುಗಳ ಬಗ್ಗೆ ಕೇಳಲಿಲ್ಲ. ನನಗೆ ನಗು ಬಂತು. ಆಮೇಲೆ ಯೋಚನೆ ಮಾಡಿದರೆ ಅವಳು ಕೇಳಿದ್ದು ಸರಿಯಾಗೇ ಇತ್ತು. ಪಾಠ ಎಲ್ಲರಿಗೂ ಒಂದೇ. ಸಂಜೆ ಐದಕ್ಕೆ ಪ್ರಾಕ್ಟಿಕಲ್ ಮುಗಿಯುತ್ತೆ. ಅಲ್ಲಿಂದ ಮಲಗೋವರೆಗಿನ ಐದಾರು ಗಂಟೆ ಯಾರ ಪಾಲಿಗೆ ಹೋಗುತ್ತೆ ಅನ್ನೋದು ಮಾತ್ರ ನೀವು ಎಲ್ಲಿ ಮಲಗುತ್ತೀರಿ ಅನ್ನೋದರ ಮೇಲೆ ನಿಂತಿದೆ.

ನಾನು ಅಲ್ಲಿ ಬಾಟನಿ ಓದಿದೆ. ನಾಲ್ಕು ಸೆಮಿಸ್ಟರಲ್ಲಿ ಮೂರೂ ತರದ ಬದುಕು ನೋಡಿಬಿಟ್ಟೆ. ಮೊದಲ ಸೆಮಿಸ್ಟರ್ ಪೂರ್ತಿ ರೈಲು. ಎರಡು, ಮೂರು ಹಾಸ್ಟೆಲ್. ಕೊನೆಯದು ಗಂಗೋತ್ರಿ ಪಕ್ಕದ ಪಡುವಾರಹಳ್ಳಿಯಲ್ಲಿ ರೂಮು. ನಡುವೆ ಹದಿನೈದು ದಿನ ಪಿಜಿಯಲ್ಲೂ (ಪೇಯಿಂಗ್ ಗೆಸ್ಟ್) ಇದ್ದೆ. ಅದರ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ದುಡ್ಡು ಹಾಸ್ಟೆಲಿಗಿಂತ ಎರಡರಷ್ಟು, ಕೋಣೆಗೆ ಕಿಟಕಿ ಇರಲಿಲ್ಲ. ಮುಂದೆ ಹೋಗೋಣ.

ಗಂಗೋತ್ರಿ ನೋಡದವರಿಗೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೈಸೂರು ವಿಶ್ವವಿದ್ಯಾನಿಲಯ ಅಂದರೆ ಒಂದೇ ಕಾಂಪೌಂಡ್ ಅಂದುಕೊಂಡು ಬರಬೇಡಿ. ಆಡಳಿತ ಕಚೇರಿ ಇರೋದು ಕ್ರಾಫರ್ಡ್ ಹಾಲಿನಲ್ಲಿ. ಮಹಾರಾಜ, ಯುವರಾಜ ಕಾಲೇಜುಗಳೂ ಆ ಕಡೆಗೇ. ಎಂ.ಎ., ಎಂ.ಎಸ್ಸಿ. ಕ್ಲಾಸು ನಡೆಯೋದು ಮಾನಸಗಂಗೋತ್ರಿಯಲ್ಲಿ. ಎರಡಕ್ಕೂ ನಡುವೆ ಕುಕ್ಕರಹಳ್ಳಿ ಕೆರೆ ಮಲಗಿದೆ. ನಾಲ್ವಡಿ ಕೃಷ್ಣರಾಜ ಒಡೆಯರು 1916ರಲ್ಲಿ ವಿಶ್ವವಿದ್ಯಾನಿಲಯ ಶುರು ಮಾಡಿದಾಗ ಗಂಗೋತ್ರಿ ಇರಲಿಲ್ಲ. ಅದು ಬಂದದ್ದು ಕುವೆಂಪು ಉಪಕುಲಪತಿಗಳಾಗಿದ್ದ ಕಾಲದಲ್ಲಿ, ಹೆಸರು ಇಟ್ಟವರೂ ಅವರೇ. ಏಳುನೂರು ಎಕರೆಗೂ ಮೇಲಿದೆ. ಇದನ್ನು ಸುಮ್ನೆ ಹೇಳುತ್ತಿಲ್ಲ. ಅಡ್ಮಿಷನ್ ದಿನ ಒಂದು ಸಹಿಗೆ ಇಲ್ಲಿಂದ ಅಲ್ಲಿಗೆ, ಒಂದು ಜೆರಾಕ್ಸಿಗೆ ಅಲ್ಲಿಂದ ಇಲ್ಲಿಗೆ ಓಡಾಡಿ ನನ್ನ ಹೊಸ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಆ ದಿನ ಹಳೇ ಚಪ್ಪಲಿ ಹಾಕಿಕೊಂಡು ಬನ್ನಿ.

ಮೊದಲು ರೈಲು. ನಮ್ಮೂರು ಮಂಡ್ಯದಿಂದ ಏಳು ಕಿಲೋಮೀಟರ್. ಮಂಡ್ಯದಿಂದ ಮೈಸೂರಿಗೆ ನಲವತ್ತೈದರ ಆಸುಪಾಸು. ರೈಲಿನಲ್ಲಿ ಒಂದು ಗಂಟೆ. "ಒಂದೇ ಗಂಟೆ ತಾನೇ" ಅಂತ ಅಪ್ಪ ಹೇಳಿದರು, ನಾನೂ ನಂಬಿದೆ. ಆ ಒಂದು ಗಂಟೆಗೆ ಎರಡು ಕಡೆಯೂ ಬಾಲ ಇದೆ ಅನ್ನೋದು ಗೊತ್ತಾಗಿದ್ದು ಓಡಾಡೋಕೆ ಶುರು ಮಾಡಿದ ಮೇಲೆ. ಐದಕ್ಕೆ ಏಳಬೇಕು. ಆರೂ ಮುಕ್ಕಾಲಿಗೆ ಊರ ಬಸ್ಸು. ಮಂಡ್ಯ ಸ್ಟೇಷನ್ನಿನಲ್ಲಿ ಕಾಯೋದು. ರೈಲು ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ ದಾಟಿ ಮೈಸೂರು ಸೇರುತ್ತೆ. ಅಲ್ಲಿಂದ ಗಂಗೋತ್ರಿಗೆ ಮೂರು ಕಿಲೋಮೀಟರ್ ಹತ್ತಿರ, ನಡೆದರೆ ಮುಕ್ಕಾಲು ಗಂಟೆ. ಮೂರ್ನಾಲ್ಕು ಜನ ಸೇರಿ ಆಟೋ ಹಿಡಿದರೆ ಹತ್ತು ನಿಮಿಷ. ಹತ್ತು ಗಂಟೆಯ ಕ್ಲಾಸಿಗೆ ಐದು ಗಂಟೆಯಿಂದ ತಯಾರಿ, ಅಲ್ವಾ?

ಹೆಣ್ಣುಮಕ್ಕಳು ಕೇಳಬಹುದು, ಬಸ್ಸು ಫ್ರೀ ಇದೆಯಲ್ಲ, ರೈಲು ಯಾಕೆ ಅಂತ. 2023ರ ಜೂನಿನಿಂದ ಶಕ್ತಿ ಯೋಜನೆ ಇದೆ, ಆಧಾರ್ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ನಾನೂ ಒಂದು ವಾರ ಬಸ್ಸಿನಲ್ಲೇ ಹೋಗಿ ನೋಡಿದೆ. ಬೆಳಿಗ್ಗೆ ಸೀಟು ಸಿಗುವುದು ಅದೃಷ್ಟ. ಮೈಸೂರು ಊರೊಳಕ್ಕೆ ಬಂದ ಮೇಲೆ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳಿಕೊಂಡು ಹೋಗುತ್ತೆ. ಸಬರ್ಬನ್ ಸ್ಟ್ಯಾಂಡಿನಲ್ಲಿ ಇಳಿದರೆ ಸಿಟಿ ಬಸ್ ಸ್ಟ್ಯಾಂಡಿಗೆ ನಡೆದು ಇನ್ನೊಂದು ಬಸ್ಸು ಹತ್ತಬೇಕು. ರೈಲ್ವೆ ಸ್ಟೇಷನ್ ಗಂಗೋತ್ರಿಗೆ ಇದಕ್ಕಿಂತ ಹತ್ತಿರ. ಸೀಸನ್ ಪಾಸ್ ಮಾಡಿಸಿದರೆ ರೈಲಿಗೆ ಕೊಡುವ ದುಡ್ಡು ಲೆಕ್ಕಕ್ಕೇ ಬರಲ್ಲ. ಪಾಸ್ ಇದೆ ಅಂತ ರಿಸರ್ವೇಷನ್ ಬೋಗಿಗೆ ಮಾತ್ರ ಹತ್ತಬೇಡಿ, ದಂಡ ಕಟ್ಟಬೇಕಾಗುತ್ತೆ.

ಇಷ್ಟೆಲ್ಲ ಬೈದರೂ ರೈಲಿನ ಬಗ್ಗೆ ನನಗೆ ಒಂದು ಅಕ್ಕರೆ ಇದೆ. ಅದು ಅವರೆಕಾಯಿ ಕಾಲ. ಸಂಜೆ ವಾಪಸ್ ಬರುವಾಗ ನಮ್ಮ ಬೋಗಿಯಲ್ಲಿ ದಿನಾ ಅದೇ ಮುಖಗಳು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಇಬ್ಬರು, ಒಬ್ಬರು ಸ್ಕೂಲ್ ಟೀಚರ್, ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿ ಬರುವ ಅಜ್ಜಿ. ಟೀಚರ್ ಎರಡು ಕೆಜಿ ಅವರೆಕಾಯಿ ತಂದು ಸೀಟಿನ ಮೇಲೆ ಪೇಪರ್ ಹರಡುತ್ತಿದ್ದರು. ಎಲ್ಲರೂ ಸುಲಿಯೋದೇ. ನಾನು ಒಂದು ಕಾಳು ಹಿಡಿದು, ಬೆಳಿಗ್ಗೆ ತಾನೇ ಓದಿದ ಹುರುಪಿನಲ್ಲಿ, ಇದರ ಹೆಸರು ಲ್ಯಾಬ್‌ಲ್ಯಾಬ್ ಪರ್ಪ್ಯೂರಿಯಸ್ ಅಂದೆ. ಅಜ್ಜಿ ನನ್ನನ್ನೇ ನೋಡಿ, "ಅದೇನವ್ವಾ ಲಬಲಬ ಅಂತೀಯೆ, ಸುಲಿ ಮೊದ್ಲು, ಮಂಡ್ಯ ಬಂದ್ಬುಡ್ತದೆ" ಅಂದರು. ಮಂಡ್ಯದಲ್ಲಿ ಇಳಿಯುವಾಗ ಟೀಚರ್ ಒಂದು ಹಿಡಿ ಕಾಳು ನನ್ನ ಟಿಫನ್ ಡಬ್ಬಿಗೆ ಸುರಿಯುತ್ತಿದ್ದರು. ಬೆರಳಿಗೆ ಅಂಟಿದ ಸೊಗಡು ರಾತ್ರಿ ರೆಕಾರ್ಡ್ ಬರೆಯುವಾಗಲೂ ಇರುತ್ತಿತ್ತು.

ರೆಕಾರ್ಡ್ ಬರೆಯೋದು ಅಂದೆ, ಅದೇ ಕಷ್ಟ. ಮನೆ ಸೇರುವಾಗ ಎಂಟು. ಉಂಡು ಕೂತರೆ ಒಂಬತ್ತೂವರೆಗೆ ಕಣ್ಣು ಎಳೆಯುತ್ತೆ. ಒಂದು ದಿನ ಪ್ರಾಕ್ಟಿಕಲ್ಲಿನಲ್ಲಿ ಕಾಂಡದ ಸೆಕ್ಷನ್ ಕತ್ತರಿಸುತ್ತಾ ಕೂತಿದ್ದೆ. ತೆಳ್ಳಗೆ ಬರಲೇ ಇಲ್ಲ. ಹತ್ತು ಸಲ ಬ್ಲೇಡ್ ಆಡಿಸಿ ಒಂದು ಚೂರು ಸರಿಯಾಗಿ ಬಂದಾಗ ಐದೂ ಮುಕ್ಕಾಲು. ರೈಲು ಹೋಯ್ತು. ಬಸ್ಸಿನಲ್ಲಿ ನಿಂತುಕೊಂಡು ಮಂಡ್ಯಕ್ಕೆ ಬಂದರೆ ಊರ ಬಸ್ಸೂ ಹೋಗಿತ್ತು. ಅಪ್ಪ ಟಿವಿಎಸ್ ತಗೊಂಡು ಬಂದು ಟೀ ಅಂಗಡಿ ಮುಂದೆ ಕಾಯುತ್ತಿದ್ದರು. ನನ್ನ ಕೈ ನೋಡಿ ಗಾಬರಿಯಾದರು. ಐದೂ ಬೆರಳು ಕೆಂಪು. "ಏನವ್ವಾ ರಕ್ತ?" ಅಂದರು. ರಕ್ತ ಅಲ್ಲಪ್ಪಾ, ಸ್ಯಾಫ್ರನಿನ್, ಬಣ್ಣ ಅಂದೆ. ಅವತ್ತು ರಾತ್ರಿ ಅಪ್ಪನೇ ಹೇಳಿದರು, ಹಾಸ್ಟೆಲಿಗೆ ಅರ್ಜಿ ಹಾಕು ಅಂತ.

ಹಾಸ್ಟೆಲಿನ ಹೆಸರು ಹೇಳುವುದಿಲ್ಲ. ಗಂಗೋತ್ರಿ ಸುತ್ತಮುತ್ತ ಹೆಣ್ಣುಮಕ್ಕಳ ಹಾಸ್ಟೆಲ್ ಬೇಕಾದಷ್ಟಿವೆ. ವಿಶ್ವವಿದ್ಯಾನಿಲಯದ್ದು ಬೇರೆ, ಸಮಾಜ ಕಲ್ಯಾಣ ಇಲಾಖೆಯದು ಬೇರೆ, ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಬೇರೆ, ಮಠದ್ದು ಬೇರೆ, ಜಾತಿ ಸಂಘಗಳದ್ದು ಬೇರೆ. ಒಂದಕ್ಕೇ ಅರ್ಜಿ ಹಾಕಿ ಕೂರಬೇಡಿ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ. ಲಿಸ್ಟ್ ಬಂದ ಮೇಲೆ ಓಡಿದರೆ ಆಗಲ್ಲ. ಊರು ಬಿಟ್ಟು ಮೈಸೂರಿಗೆ ಓದೋಕೆ ಬಂದವರು ಎಲ್ಲಿ ಉಂಡು ಎಲ್ಲಿ ಮಲಗಬೇಕು ಅನ್ನೋದು ಹಳೇ ಪ್ರಶ್ನೆಯೇ. ಒಂದು ಕಾಲದಲ್ಲಿ ಬಡ ಹುಡುಗರು ವಾರಾನ್ನ ಉಣ್ಣುತ್ತಿದ್ದರು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಕುವೆಂಪು ಕೂಡ ಮಹಾರಾಜ ಕಾಲೇಜಿನಲ್ಲಿ ಓದುವಾಗ ಕೆಲವು ವರ್ಷ ರಾಮಕೃಷ್ಣಾಶ್ರಮದಲ್ಲಿದ್ದರು. ಆ ಲೆಕ್ಕದಲ್ಲಿ ನಮ್ಮದು ರಾಜಭೋಗ.

ರಾಜಭೋಗ ಅಂದೆ, ಆದರೆ ಬೆಳಿಗ್ಗೆ ಬಚ್ಚಲು ನೋಡಬೇಕಿತ್ತು. ಇಪ್ಪತ್ತು ಜನಕ್ಕೆ ಎರಡು ಬಚ್ಚಲು. ಕ್ಯೂನಲ್ಲಿ ಹುಡುಗಿಯರು ನಿಲ್ಲುವುದಿಲ್ಲ, ಬಕೆಟ್ಟುಗಳು ನಿಲ್ಲುತ್ತವೆ. ರಾತ್ರಿ ಮಲಗುವ ಮುಂಚೆಯೇ ಬಕೆಟ್ ತಂದು ಸಾಲಿಗೆ ಇಟ್ಟು ಹೋಗೋದು. ಎಲ್ಲವೂ ಅದೇ ನೀಲಿ, ಅದೇ ಕೆಂಪು. ಅದಕ್ಕೆ ಉಗುರುಬಣ್ಣದಲ್ಲಿ ಹೆಸರು ಬರೆದಿರುತ್ತಿದ್ದರು. ನನಗೆ ಇದು ಗೊತ್ತಿರಲಿಲ್ಲ. ಮೊದಲ ವಾರದಲ್ಲೇ ನನ್ನ ಹೊಸ ಬಕೆಟ್ ಕಳೆದುಹೋಯ್ತು. ಎರಡನೆಯದಕ್ಕೆ ಹೆಸರಿನ ಜೊತೆ ಒಂದು ತುಂಬೆ ಹೂವನ್ನೂ ಬರೆದೆ. ಬಾಟನಿಯವಳು ಅನ್ನೋದು ಗೊತ್ತಾಗಲಿ ಅಂತ. ಅದು ಕೊನೆವರೆಗೂ ಉಳಿಯಿತು.

ಊಟ? ಸಾರು ನೀರು. ಚಿತ್ರಾನ್ನ ವಾರಕ್ಕೆ ಮೂರು ಸಲ. ಮುದ್ದೆ ಇತ್ತು, ಆದರೆ ನಮ್ಮ ಕಡೆಯ ಮುದ್ದೆ ತಿಂದು ಬೆಳೆದವರಿಗೆ ಅದನ್ನು ಮುದ್ದೆ ಅನ್ನೋಕೆ ಬಾಯಿ ಬರಲ್ಲ. ಗಂಟು ಗಂಟು, ಒಳಗೆ ಹಸಿ ಹಿಟ್ಟು. ಕೊಳ್ಳೇಗಾಲದವಳು ನನ್ನ ರೂಮ್‌ಮೇಟ್. ಒಂದು ದಿನ ಅವಳು ತಡೆಯಲಾರದೆ ಅಡುಗೆಮನೆಗೇ ಹೋಗಿ, ಕೋಲು ಇಸ್ಕೊಂಡು ತಾನೇ ತಿರುವಿದಳು. ಅಡುಗೆಯವರು ಎರಡು ದಿನ ಅವಳ ಹತ್ತಿರ ಮಾತಾಡಲಿಲ್ಲ, ಮೂರನೇ ದಿನದಿಂದ ಮುದ್ದೆ ಸರಿಹೋಯ್ತು. ಇನ್ನೊಬ್ಬಳು ಯಾದಗಿರಿಯವಳು. ರಜೆ ಮುಗಿಸಿ ಬರುವಾಗ ಒಣ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತರುತ್ತಿದ್ದಳು. ಸಾರು ಕೆಟ್ಟ ದಿನ ನಮಗೆ ಅದೇ ದಿಕ್ಕು.

ಹಾಸ್ಟೆಲಿನ ಬೆಲೆ ಗೊತ್ತಾಗಿದ್ದು ಐದು ಗಂಟೆಯ ಮೇಲೆ. ಪ್ರಾಕ್ಟಿಕಲ್ ಮುಗಿದರೆ ಗಡಿಯಾರ ನೋಡುವ ಹಾಗಿಲ್ಲ. ಲೈಬ್ರರಿಗೆ ಹೋಗಿ ಕೂರಬಹುದು. ಕ್ಯಾಂಟೀನಿನಲ್ಲಿ ಒಂದು ಟೀ ಹಿಡಿದು ಒಂದು ಗಂಟೆ ಹರಟಬಹುದು. ಯಾರೋ ದೊಡ್ಡವರ ಉಪನ್ಯಾಸ ಇದ್ದರೆ ಹಿಂದಿನ ಸಾಲಿನಲ್ಲಿ ಹೋಗಿ ಕೂರಬಹುದು. ನನ್ನ ಮೊದಲ ಸೆಮಿಸ್ಟರಿನಲ್ಲಿ ಇದೆಲ್ಲ ನಡೆಯುತ್ತೆ ಅನ್ನೋದೇ ಗೊತ್ತಿರಲಿಲ್ಲ. ನನಗೆ ಗಂಗೋತ್ರಿ ಅಂದರೆ ಡಿಪಾರ್ಟ್‌ಮೆಂಟ್ ಮತ್ತು ಗೇಟು, ಅಷ್ಟೇ. ಕ್ಯಾಂಪಸ್ಸಿನಲ್ಲೇ ಜಯಲಕ್ಷ್ಮಿ ವಿಲಾಸ ಅರಮನೆ ಇದೆ, ಅದರೊಳಗೆ ಜಾನಪದ ವಸ್ತುಸಂಗ್ರಹಾಲಯ ಇದೆ ಅನ್ನೋದೂ ಎರಡನೇ ಸೆಮಿಸ್ಟರಿನಲ್ಲಿ ಗೊತ್ತಾಯ್ತು. ನಮ್ಮಜ್ಜಿಯ ಮನೆಯಲ್ಲಿದ್ದಂಥ ಒನಕೆ, ಮೊರ, ಬಳ್ಳ ನೋಡೋಕೆ ಮೈಸೂರಿಗೆ ಬರಬೇಕಾಯ್ತಲ್ಲ ಅಂತ ನಗು ಬಂತು.

ಬೆಳಗಿನ ಕುಕ್ಕರಹಳ್ಳಿ ಕೆರೆ ಬೇರೆಯೇ ಕಥೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆ, 1864ರದು. ಏರಿ ಮೇಲೆ ವಾಕಿಂಗಿಗೆ ಅರ್ಧ ಮೈಸೂರು ಬರುತ್ತೆ. ನಾವು ಮೂವರು ಆರೂವರೆಗೆ ಹೊರಟರೆ ಒಂದು ಸುತ್ತಿಗೆ ಒಂದು ಗಂಟೆ ಆಗುತ್ತಿತ್ತು, ನಡುನಡುವೆ ನಾನು ಗಿಡ ಕೀಳೋಕೆ ನಿಲ್ಲುತ್ತಿದ್ದೆನಲ್ಲ, ಅದಕ್ಕೆ. ನಡುಗಡ್ಡೆಯ ಮರದ ಮೇಲೆ ಹೆಜ್ಜಾರ್ಲೆಗಳು ಕೂತಿರುತ್ತಿದ್ದವು. ಒಂದು ಎದ್ದು ನೀರಿಗೆ ಇಳಿದರೆ ಸಣ್ಣ ದೋಣಿ ಇಳಿದ ಹಾಗೆ. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತಾ ಕೂತಿರೋದು, ಥೇಟ್ ನಮ್ಮ ಹಾಸ್ಟೆಲಿನ ಟೆರೇಸಿನ ಬಟ್ಟೆ. ಕಿತ್ತು ತಂದ ಗಿಡಗಳನ್ನು ಹಳೇ ಪೇಪರಿನ ನಡುವೆ ಹರಡಿ ಟ್ರಂಕಿನ ಕೆಳಗೆ ಒತ್ತಿಡುತ್ತಿದ್ದೆ. ಒಣಗಿಸಿದ ಗಿಡ ಅಂಟಿಸುವ ಹರ್ಬೇರಿಯಂ ಶೀಟಿಗೆ ಅದೇ. ದಿನಾ ಪೇಪರ್ ಬದಲಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತೆ. ಮೊದಲ ಸೆಮಿಸ್ಟರಿನಲ್ಲಿ ರೈಲಿನ ಚೀಲದಲ್ಲಿ ತುರುಕಿ ತಂದ ಗಿಡಗಳು ಮನೆ ಸೇರುವಾಗ ಸೊಪ್ಪಿನ ಸಾರಿಗೆ ಹಾಕುವ ಹಾಗಿರುತ್ತಿದ್ದವು.

ಮೂರನೇ ಸೆಮಿಸ್ಟರಿನಲ್ಲಿ ದಸರಾ ಬಂತು. ಯುವ ಸಂಭ್ರಮ ಗಂಗೋತ್ರಿಯ ಬಯಲು ರಂಗಮಂದಿರದಲ್ಲೇ. ಬೇರೆ ಬೇರೆ ಕಾಲೇಜಿನ ಹುಡುಗ ಹುಡುಗಿಯರು ಸಂಜೆಯಿಂದ ಕುಣಿಯುತ್ತಾರೆ. ಸೌಂಡು ನಮ್ಮ ಟೆರೇಸಿಗೇ ಕೇಳುತ್ತಿತ್ತು. ಕಾರ್ಯಕ್ರಮ ಹತ್ತಿರದಲ್ಲೇ, ಆದರೆ ಹಾಸ್ಟೆಲ್ ಗೇಟು ಎಂಟಕ್ಕೆ ಬಂದ್. ಅರ್ಧ ನೋಡಿ ಓಡಿ ಬರೋದು, ಉಳಿದರ್ಧ ಟೆರೇಸಿನಲ್ಲಿ ನಿಂತು ಕೇಳೋದು. ನಮ್ಮ ಕ್ಲಾಸಿನ ಹುಡುಗರು ಇದ್ದ ಹಾಸ್ಟೆಲಿನಲ್ಲಿ ಈ ರಗಳೆಯೇ ಇರಲಿಲ್ಲ. ಅವರು ಹತ್ತೂವರೆಗೆ ಬಂದು ಯಾವ ಟೀಮ್ ಏನು ಮಾಡಿತು ಅಂತ ಮಾರನೇ ದಿನ ನಮಗೆ ವರದಿ ಒಪ್ಪಿಸುತ್ತಿದ್ದರು. ಕಲಾಮಂದಿರ, ರಂಗಾಯಣ ಗಂಗೋತ್ರಿಯಿಂದ ನಡೆದು ಹೋಗುವಷ್ಟು ಹತ್ತಿರ. ನಾಟಕ ಶುರುವಾಗೋದೇ ಸಂಜೆ ಕಳೆದ ಮೇಲೆ. ಎರಡು ಸೆಮಿಸ್ಟರಿನಲ್ಲಿ ನಾನು ಪೂರ್ತಿ ನೋಡಿದ ನಾಟಕ ಒಂದು. ಅದೂ ವಾರ್ಡನ್ ಊರಿಗೆ ಹೋಗಿದ್ದ ದಿನ. ಹೆಣ್ಣುಮಕ್ಕಳು ಹಾಸ್ಟೆಲ್ ಆರಿಸುವಾಗ ಊಟ, ಫೀಸು ಕೇಳುವ ಮೊದಲು ಗೇಟು ಎಷ್ಟಕ್ಕೆ ಹಾಕುತ್ತಾರೆ ಅಂತ ಕೇಳಿ.

ಈ ಗೇಟಿನ ಸಿಟ್ಟಿಗೇ ನಾವು ಮೂವರೂ ಕೊನೆಯ ಸೆಮಿಸ್ಟರಿನಲ್ಲಿ ರೂಮ್ ಮಾಡಿದ್ದು. ಪ್ರಾಜೆಕ್ಟ್ ಕೆಲಸ ತಡ ಆಗುತ್ತೆ ಅನ್ನೋದು ಮನೆಯವರಿಗೆ ಹೇಳಿದ ಕಾರಣ.

ಪಡುವಾರಹಳ್ಳಿಯಲ್ಲಿ ಬೋರ್ಡು ನೋಡಿಕೊಂಡು ಮೂರು ದಿನ ಸುತ್ತಿದೆವು. ಮನೆ ತೋರಿಸುವ ಮುಂಚೆ ಎರಡು ಪ್ರಶ್ನೆ. "ಯಾವ ಜನ ನೀವು?" ಆಮೇಲೆ "ನಾನ್‌ವೆಜ್ ಮಾಡ್ತೀರಾ?" ಯಾದಗಿರಿಯವಳು ಸಸ್ಯಾಹಾರಿ. ಅವಳನ್ನೇ ಮುಂದೆ ಬಿಟ್ಟು ಮಾತಾಡಿಸುತ್ತಿದ್ದೆವು. ಆದರೂ ಎರಡನೇ ಮನೆಯಲ್ಲಿ ನಮ್ಮಿಬ್ಬರ ಮುಖ ನೋಡಿದವರೇ "ಇವರು?" ಅಂದರು. ಕೊನೆಗೆ ಮಹಡಿ ಮೇಲೆ ಒಂದು ರೂಮು, ಒಂದು ಅಡುಗೆಮನೆ ಸಿಕ್ಕಿತು. ಬಾಡಿಗೆ ಏಳೂವರೆ ಸಾವಿರ, ತಲೆಗೆ ಎರಡೂವರೆ. ಅಡ್ವಾನ್ಸ್ ಮೂವತ್ತು ಸಾವಿರ.

ಮೊದಲ ತಿಂಗಳು ಹಬ್ಬ. ಬೇಕಾದಾಗ ಬರಬಹುದು. ರಂಗಾಯಣದಲ್ಲಿ ನಾಟಕ ನೋಡಿ ಒಂಬತ್ತೂವರೆಗೆ ಮಾತಾಡಿಕೊಂಡು ನಡೆದು ಬಂದೆವು. ಎರಡನೇ ತಿಂಗಳಿಗೆ ಗೊತ್ತಾಯ್ತು, ಹಾಸ್ಟೆಲಿನ ನೀರು ಸಾರನ್ನು ಯಾರೋ ಮಾಡಿ ಇಡುತ್ತಿದ್ದರು ಅಂತ. ಇಲ್ಲಿ ಪ್ರಾಜೆಕ್ಟ್ ಮುಗಿಸಿ ಏಳಕ್ಕೆ ಬಂದರೆ ಅಕ್ಕಿ ತೊಳೆಯಬೇಕು. ಗ್ಯಾಸ್ ಮುಗಿದರೆ ಚಿಕ್ಕ ಸಿಲಿಂಡರ್ ಹೊತ್ತು ತರಬೇಕು. ನೀರು ಬಂದಾಗ ಯಾರಾದರೂ ಒಬ್ಬರು ಮನೆಯಲ್ಲಿರಬೇಕು. ಪಾತ್ರೆ ಯಾರ ಪಾಳಿ ಅನ್ನೋದಕ್ಕೆ ಮೂವರೂ ಒಂದು ವಾರ ಮುಖ ಊದಿಸಿಕೊಂಡಿದ್ದೆವು. ಹಾಸ್ಟೆಲಿನಲ್ಲಿ ಒಂದು ದಿನಕ್ಕೂ ಜಗಳ ಆಡದವರು ನಾವು! ಮುದ್ದೆ ಮಾತ್ರ ಚೆನ್ನಾಗಿತ್ತು. ಉಪ್ಸಾರು, ಬಸ್ಸಾರು ವಾರಕ್ಕೆ ಎರಡು ಸಲ. ಮನೆಯವರು ಊರಲ್ಲಿಲ್ಲದ ಒಂದು ಭಾನುವಾರ ಕೊಳ್ಳೇಗಾಲದವಳು ಕೋಳಿ ಸಾರು ಮಾಡಿದಳು. ಕಿಟಕಿಗಳಿಗೆಲ್ಲ ಬೆಡ್‌ಶೀಟ್ ಕಟ್ಟಿ, ಊದುಬತ್ತಿ ಹಚ್ಚಿ.

ಖಾಲಿ ಮಾಡುವಾಗ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಸುಣ್ಣಬಣ್ಣಕ್ಕೆ ಅಂತ ಹಿಡಿದುಕೊಂಡರು. ಐದು ತಿಂಗಳು ಇದ್ದವರು ಗೋಡೆಗೆ ಏನು ಮಾಡಿರುತ್ತೇವೆ? ಕೇಳಿದೆವು. "ಎಲ್ಲರಿಗೂ ಹಿಂಗೇ" ಅಂದರು. ಕಾಗದದಲ್ಲಿ ಏನೂ ಬರೆಸಿಕೊಂಡಿರಲಿಲ್ಲ. ನೀವು ಬರೆಸಿಕೊಳ್ಳಿ. ಸೇರುವ ದಿನವೇ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ.

ದುಡ್ಡಿನ ಲೆಕ್ಕ ಕೇಳುವವರಿಗೆ ನನ್ನ ಡೈರಿಯಿಂದ: ರೈಲಿನಲ್ಲಿ ಓಡಾಡಿದಾಗ ಪಾಸು, ಆಟೋ, ಟೀ ಎಲ್ಲ ಸೇರಿ ತಿಂಗಳಿಗೆ ಸಾವಿರ ದಾಟುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಊಟದ ಬಿಲ್ಲು, ಕೈಖರ್ಚು ಸೇರಿ ಮೂರೂವರೆ ಸಾವಿರ. ರೂಮಿನಲ್ಲಿ ಎಷ್ಟು ಬಿಗಿ ಹಿಡಿದರೂ ಐದು ಸಾವಿರ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳ ಲೆಕ್ಕದಲ್ಲಿ ಹತ್ತು ತಿಂಗಳು ದುಡ್ಡು ಕೊಡುತ್ತಾರೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಬೇಕು. ದುಡ್ಡು ತಿಂಗಳು ತಿಂಗಳು ಕೈಗೆ ಬರುತ್ತೆ ಅಂದುಕೊಂಡು ಬಾಡಿಗೆಗೆ ಅದನ್ನೇ ನಂಬಿ ಕೂರಬೇಡಿ.

ಇನ್ನೊಂದು ಹೋಲಿಕೆ ಇದೆ, ಯಾರೂ ಕೇಳಲ್ಲ. ಜ್ವರ. ಮೂರೂ ಕಡೆ ನನಗೆ ಒಂದೊಂದು ಸಲ ಜ್ವರ ಬಂತು. ಮನೆಯಲ್ಲಿದ್ದಾಗ ಅಮ್ಮ ಗಂಜಿ ಕೊಟ್ಟಳು, ಹಣೆಗೆ ಬಟ್ಟೆ ಹಾಕಿದಳು, ಆದರೆ ನಾಲ್ಕು ದಿನದ ಕ್ಲಾಸು ಹೋಯ್ತು, ನೋಟ್ಸ್ ಕೊಡುವವರು ಯಾರೂ ಇರಲಿಲ್ಲ. ಹಾಸ್ಟೆಲಿನಲ್ಲಿ ಗಂಜಿ ಇಲ್ಲ, ಚಿತ್ರಾನ್ನವೇ. ಆದರೆ ರಾತ್ರಿ ಹನ್ನೊಂದಕ್ಕೆ ಪಕ್ಕದ ರೂಮಿನ ಸೀನಿಯರ್ ಡೋಲೊ ತಂದಳು, ಯಾದಗಿರಿಯವಳು ನನ್ನ ಬಕೆಟ್ ಕ್ಯೂನಲ್ಲಿ ಇಟ್ಟಳು, ಕ್ಲಾಸ್‌ಮೇಟ್ ಒಬ್ಬಳು ಮಂಚದ ಮೇಲೆ ಕೂತು ಅವತ್ತಿನ ಪಾಠ ಓದಿ ಹೇಳಿದಳು. ರೂಮಿನಲ್ಲಿ ಜ್ವರ ಬಂದ ದಿನ ಇಬ್ಬರೂ ಲ್ಯಾಬಿಗೆ ಹೋಗಿದ್ದರು. ಮಧ್ಯಾಹ್ನ ಮೂರರವರೆಗೆ ಸೀಲಿಂಗ್ ಫ್ಯಾನ್ ನೋಡುತ್ತಾ ಮಲಗಿದ್ದೆ. ಕೆಳಗಿನ ಮನೆಯಮ್ಮ ಮೆಟ್ಟಿಲ ಹತ್ತಿರ ನಿಂತು, "ಮೋಟರ್ ಹಾಕಿದೀನಿ, ನೀರು ಹಿಡ್ಕೊಳ್ಳಿ" ಅಂತ ಕೂಗಿದರು. ಎದ್ದು ಹಿಡಿದುಕೊಂಡೆ.

ತಂಗಿಗೆ ನಾನು ಹೇಳಿದ್ದು ಇಷ್ಟು. ಮೊದಲ ಸೆಮಿಸ್ಟರ್ ಹಾಸ್ಟೆಲಿಗೇ ಹೋಗು. ಹಾಗೆ ಮಾಡದೇ ಇದ್ದದ್ದೇ ನನ್ನ ತಪ್ಪು. ಸ್ನೇಹ ಕೂಡಿಬರೋದು ಮೊದಲ ಆರು ತಿಂಗಳಲ್ಲಿ. ಆ ಆರು ತಿಂಗಳು ನಾನು ನಾಗನಹಳ್ಳಿ ಸ್ಟೇಷನ್ ನೋಡುತ್ತಾ ಕಳೆದೆ. ಎರಡನೇ ವರ್ಷ ಬೇಕಾದರೆ ರೂಮ್ ಮಾಡು, ಆದರೆ ಹಾಸ್ಟೆಲಿನಲ್ಲಿ ಜೊತೆಗಿದ್ದು ನೋಡಿದವರ ಜೊತೆಗೇ ಮಾಡು. ಮನೆಯಲ್ಲಿ ಹುಷಾರಿಲ್ಲದವರಿದ್ದರೆ, ದುಡ್ಡಿಗೆ ತೀರಾ ಕಷ್ಟ ಇದ್ದರೆ, ಇಲ್ಲ ಮನೆ ಮಂಡ್ಯ ಸ್ಟೇಷನ್ನಿಗೆ ನಡೆಯುವಷ್ಟು ಹತ್ತಿರ ಇದ್ದರೆ ಓಡಾಟ ತಪ್ಪಲ್ಲ. ಎಷ್ಟೋ ಜನ ಎರಡು ವರ್ಷವೂ ಓಡಾಡಿ ನನಗಿಂತ ಜಾಸ್ತಿ ಮಾರ್ಕ್ಸ್ ತೆಗೆದಿದ್ದಾರೆ. ಪ್ರಾಕ್ಟಿಕಲ್ ಇಲ್ಲದ ಎಂ.ಎ. ಆದರೆ ಇನ್ನೂ ಸಲೀಸು.

ಮೊನ್ನೆ ಅವಳಿಗೆ ಹಾಸ್ಟೆಲ್ ಲಿಸ್ಟಿನಲ್ಲಿ ಹೆಸರು ಬಂತು. ಮತ್ತೆ ಫೋನು. "ಅಕ್ಕಾ, ನಿನ್ ತುಂಬೆ ಹೂವಿನ ಬಕೆಟ್ ಐತಲ್ಲ, ಅದನ್ನೇ ತಗೊಂಡೋಗ್ಲಾ?" ಅಮ್ಮನನ್ನು ಕೇಳಿದೆ. ಬಕೆಟ್ ಕೊಟ್ಟಿಗೆಯಲ್ಲಿತ್ತು. ಹಸುವಿಗೆ ಬೂಸಾ ಕಲೆಸೋಕೆ ಅಳತೆ ಸರಿಹೋಗಿದೆಯಂತೆ, ಕೊಡಲ್ಲ ಅಂದಳು.